ನಗಾರಿಯ ಮನೆಯಲ್ಲಿ ತಂಬೂರಿ

ಬಸವನಗುಡಿಯ ಒಂದು ಹಳೆಯ ಮನೆಯ ಮಹಡಿಯ ಮೇಲೆ ಹನ್ನೊಂದಡಿ ಚಿಲ್ಲರೆ ಉದ್ದದ ಕೋಣೆಯೊಂದಿದೆ. ಹಿಂದೆ ಅಲ್ಲಿ ಹಳೆಯ ಟ್ರಂಕುಗಳೂ ನವರಾತ್ರಿಯ ಗೊಂಬೆಗಳ ಪೆಟ್ಟಿಗೆಗಳೂ ಇರುತ್ತಿದ್ದುವು. ಅವೆಲ್ಲ ಈಗ ಅಟ್ಟವನ್ನೇರಿವೆ. ಅವುಗಳ ಸ್ಥಳದಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಎಡಬಲಗಳಲ್ಲಿ ಎರಡು ಸ್ಪೀಕರು, ಎರಡು ಸಪ್ತಕಗಳಷ್ಟೇ ಇರುವ ಪುಟ್ಟ ಕೀಲಿಮಣೆ, ಇಷ್ಟು ಬಂದು ಕುಳಿತಿವೆ. ಮನೆಯ ಹಿರಿಯ ಮಗನು ಕಾಲೇಜಿನಿಂದ ಬಂದು ಕಾಫಿ ಕುಡಿದವನೇ ಮಹಡಿ ಹತ್ತಿದನೆಂದರೆ ರಾತ್ರಿಯ ಊಟಕ್ಕೆ ಮೂರು ಸಲ ಕೂಗಬೇಕು. ಪಕ್ಕವಾದ್ಯದವರಿಲ್ಲದೆ, ಧ್ವನಿಮುದ್ರಣ ಶಾಲೆಯ ಬಾಡಿಗೆಯಿಲ್ಲದೆ, ಒಬ್ಬನೇ ಕುಳಿತು ಹಾಡು ಕಟ್ಟುವ ಈ ಹವ್ಯಾಸವು ಇಂದು ನಗರದ ಎಷ್ಟೋ ಮನೆಗಳನ್ನು ಹೊಕ್ಕಿದೆ. ಕೆಳಗಿದ್ದವರಿಗೆ ಕೇಳಿಸುವುದು ಮಾತ್ರ 'ಧಬ್ ಧಬ್' ಎಂಬ ಒಂದೇ ಸದ್ದು. ಯಾರೋ ದಿನವಿಡೀ ಹಾಸಿಗೆಯ ಧೂಳು ಕೊಡವುತ್ತಿರುವಂತೆ.

ಹುಡುಗನ ತಾಯಿಯು ಮದುವೆಗೆ ಮೊದಲು ಸಂಗೀತ ಕಲಿತವರು. ಅವರ ತಂಬೂರಿಯು ಗವಸು ಹೊದ್ದು ನಡುಮನೆಯ ಮೂಲೆಯಲ್ಲಿ ನಿಂತು ಎಷ್ಟೋ ವರ್ಷಗಳಾಗಿದ್ದುವು. ಒಂದು ಮಧ್ಯಾಹ್ನ ಅವರು ಗಾಂಧಿಬಜಾರಿಗೆ ಹೋಗಿದ್ದ ಹೊತ್ತಿನಲ್ಲಿ ಹುಡುಗನು ಅದನ್ನು ಮಹಡಿಗೆ ಹೊತ್ತು, ತನಗೆ ತಿಳಿದ ಮಟ್ಟಿಗೆ ಶ್ರುತಿಮಾಡಿ, ನಾಲ್ಕು ನಿಮಿಷ ಮೀಟಿ ಮುದ್ರಿಸಿಕೊಂಡನು. ಹೊಸ ಹಾಡಿಗೆ ಅದೇ ಆಧಾರ. ತಾಯಿಗೆ ತಿಳಿಸಲಿಲ್ಲ, ಹಾಡು ಮುಗಿದ ದಿನ ಅವರೇ ಕೇಳಿ ಗುರುತಿಸಲಿ ಎಂಬುದು ಅವನ ಆಸೆ.

ತಂಬೂರಿಯ ಮೇಲೆ ಬೀಟು ಬಂದಿತು. ಒಂದು ಡ್ರಮ್ಮು ಸಾಲದೆಂದು ಇನ್ನೊಂದನ್ನು ಜೊತೆಗೂಡಿಸಿದ್ದಾಯಿತು. ಬೇಸ್ ಬಂದಿತು, ಚಪ್ಪಾಳೆ ಬಂದಿತು, ತಾಳದಂತೆ ಮಿನುಗುವ ಹೈಹ್ಯಾಟ್ ಬಂದಿತು, ಪಿಟೀಲುಗಳ ಸಮೂಹವನ್ನು ಅನುಕರಿಸುವ ಮೂರು ಬಗೆಯ ಯಂತ್ರನಾದಗಳು ಬಂದುವು. ಎಣಿಸಿದರೆ ಇಪ್ಪತ್ತಾರು ಸಾಲು. ಹೆಡ್‌ಫೋನಿನಲ್ಲಿ ಅದು ಗೋಪುರದಂತೆ ನಿಂತಿದ್ದಿತು. ಹಿಗ್ಗಿನಿಂದ ಹುಡುಗನು ಅದನ್ನು ಸೋದರಮಾವನ ಕಾರಿನಲ್ಲಿ ಹಾಕಿ ಕೇಳಿಸಿದನು. ಮಾವನು ಬ್ಯಾಂಕಿನ ಕೆಲಸದ ನಡುವೆಯೂ ಮೃದಂಗವನ್ನು ಬಿಡದವರು.

"ಹೇಗಿದೆ, ಮಾವ?"

"ಚೆನ್ನಾಗಿದೆಯಪ್ಪ. ಮದುವೆಮನೆಯಲ್ಲಿ ಊಟದ ಹೊತ್ತಿನ ಗದ್ದಲ ಇರುತ್ತೆ ನೋಡು, ಹಾಗಿದೆ. ಎಲ್ಲರೂ ನಮ್ಮವರೇ. ಯಾರು ಏನು ಹೇಳ್ತಿದಾರೆ ಅನ್ನೋದು ಮಾತ್ರ ತಿಳಿಯೋದಿಲ್ಲ."

ಮನೆಗೆ ಬಂದು ತಾಯಿಗೆ ಮೊಬೈಲಿನಲ್ಲಿ ಕೇಳಿಸಿದನು. ಅವರು ಹುರುಳಿಕಾಯಿ ಸೋಸುತ್ತಲೇ ಪೂರ್ತಿ ಕೇಳಿ, "ಚಪ್ಪಾಳೆ ಚೆನ್ನಾಗಿದೆ ಕಣೋ" ಎಂದರು. ತಂಬೂರಿಯ ಮಾತೇ ಬರಲಿಲ್ಲ.

ಇದರಲ್ಲಿ ಹುಡುಗನ ತಪ್ಪಿಗಿಂತ ಶಬ್ದದ ಸ್ವಭಾವದ ಪಾಲೇ ಹೆಚ್ಚು. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಸಾಲಿನಲ್ಲಿ ಮುದ್ರಿಸಿಟ್ಟು, ಆಮೇಲೆ ಅವೆಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿ ಒಂದು ಹಾಡಾಗಿಸುವ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರು. ಬಿಡಿಯಾಗಿ ಕೇಳಿದರೆ ಅವನ ಇಪ್ಪತ್ತಾರು ಸಾಲುಗಳಲ್ಲಿ ಒಂದರಲ್ಲಿಯೂ ದೋಷವಿರಲಿಲ್ಲ. ದೋಷವಿದ್ದುದು ಸಹವಾಸದಲ್ಲಿ. ಬೀಟಿನ ತಳಹದಿಯಾದ ಕಿಕ್ ಎಂಬ ದಪ್ಪ ಡ್ರಮ್ಮಿನ (ವಾದಕನು ಕಾಲಿನಿಂದ ಬಾರಿಸುವುದು ಇದನ್ನೇ) ತಿರುಳು ಸುಮಾರಾಗಿ ಸೆಕೆಂಡಿಗೆ 50ರಿಂದ 100 ಕಂಪನಗಳೊಳಗಿರುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 41 ಕಂಪನ. ಇಬ್ಬರೂ ಒಂದೇ ಓಣಿಯ ನಿವಾಸಿಗಳು, ಓಣಿಯೋ ಕಿರಿದು. ಅದಕ್ಕೂ ಮೇಲೆ, 200ರಿಂದ 400 ಕಂಪನಗಳ ನಡುವೆ, ಸ್ನೇರ್ ಡ್ರಮ್ಮಿನ ಒಡಲು, ಗಂಡುಕಂಠದ ಎದೆಯ ಭಾಗ, ಗಿಟಾರು, ಯಂತ್ರನಾದಗಳು ಎಲ್ಲವೂ ಬಂದು ಸೇರುತ್ತವೆ. ಹಾಡು ಮಂಕಾಗುವುದು, ಕಂಬಳಿ ಹೊದೆದು ಮಾತಾಡಿದಂತಾಗುವುದು, ಬಹುಮಟ್ಟಿಗೆ ಇಲ್ಲಿಯೇ.

ಒಂದು ಶಬ್ದವು ತನ್ನ ನೆರೆಯ ಶಬ್ದವನ್ನು ಕಿವಿಯೊಳಗೆ ಮುಚ್ಚಿಬಿಡಬಲ್ಲದು. ಮಂದ್ರದ ದೊಡ್ಡ ಸದ್ದು ತನಗಿಂತ ಮೇಲಿನ ಸ್ಥಾಯಿಯ ಮೆಲುದನಿಯನ್ನು ಮುಚ್ಚುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ತಂಬೂರಿಗೆ ಒದಗಿದ ಗತಿ ಇದೇ. ಅದರ ಸೊಗಸೆಲ್ಲ ಇರುವುದು ಜೀವಾಳದ ಎಳೆಯಿಂದ ಹೊಮ್ಮುವ ಉಪಸ್ವರಗಳ ಸಾಲಿನಲ್ಲಿ. ಆ ಬಾಗಿದ ಸೇತುವೆಯ ಮೇಲೆ ತಂತಿ ತಾಗಿ ತಾಗಿ ಅಷ್ಟು ಉಪಸ್ವರಗಳು ಹುಟ್ಟುವ ವಿಚಿತ್ರವನ್ನು 1921ರಷ್ಟು ಹಿಂದೆಯೇ ಸಿ. ವಿ. ರಾಮನ್ ಅವರು ಪ್ರಬಂಧವೊಂದರಲ್ಲಿ ಚರ್ಚಿಸಿದ್ದರು. ಅಂಥ ನವುರಾದ ನಾದದ ಕೆಳಗೆ ಎರಡೆರಡು ನಗಾರಿಗಳನ್ನು ಬಾರಿಸಿ, ಮೇಲೆ ಹೈಹ್ಯಾಟನ್ನು ಉದುರಿಸಿ, ನಡುವೆ ಮೂರು ಪಿಟೀಲು ಸಮೂಹಗಳನ್ನು ಹಾಸಿದರೆ ಅದು ಉಳಿಯುವುದೆಲ್ಲಿ?

ಎರಡು ಕಿಕ್ಕುಗಳ ಕಥೆಯೇ ಬೇರೆ. ಒಂದರ ಮೇಲೊಂದು ಇಟ್ಟರೆ ಇಮ್ಮಡಿ ಬಲ ಬರುವುದೆಂದು ಹುಡುಗನು ತಿಳಿದಿದ್ದನು. ಸೆಕೆಂಡಿಗೆ 50 ಕಂಪನದ ಅಲೆಯೊಂದು ಪೂರ್ತಿಯಾಗಲು ಸೆಕೆಂಡಿನ ಸಾವಿರದ 20 ಪಾಲು ಕಾಲ ಬೇಕು. ಎರಡನೆಯ ಡ್ರಮ್ಮು ಅದರರ್ಧ, ಎಂದರೆ ಸಾವಿರದ 10 ಪಾಲಿನಷ್ಟು, ತಡವಾಗಿ ಬಿದ್ದರೆ ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಬಂದು ಕೂರುತ್ತದೆ. ಎರಡೂ ಪರಸ್ಪರ ತಿಂದುಕೊಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಅಲ್ಪ ಅಂತರವಿದು. ಹಾಡು ಕಟ್ಟುವವನು ಸದ್ದು ಸೊರಗಿತೆಂದು ಮೂರನೆಯ ಡ್ರಮ್ಮನ್ನು ಹುಡುಕುತ್ತಾನೆ.

ಕೋಣೆಯೂ ಮೋಸಮಾಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಆದ್ದರಿಂದ 50 ಕಂಪನದ ನಾದದ ಅಲೆಯೊಂದರ ಉದ್ದ ಹೆಚ್ಚುಕಡಮೆ 7 ಮೀಟರು. ಅದರರ್ಧ ಹನ್ನೊಂದೂಕಾಲು ಅಡಿ, ಅಂದರೆ ಹುಡುಗನ ಕೋಣೆಯ ಉದ್ದ! ಇಂಥ ಕೋಣೆಯಲ್ಲಿ ಆ ಒಂದು ನಾದವು ಎದುರುಬದುರಿನ ಗೋಡೆಗಳ ನಡುವೆ ನೆಲೆನಿಂತು, ಗೋಡೆಗಳ ಬಳಿ ಗುಡುಗಿ, ನಟ್ಟನಡುವೆ ಬಹುಪಾಲು ಇಲ್ಲವಾಗುತ್ತದೆ. ಹುಡುಗನ ಕುರ್ಚಿ ಇದ್ದುದು ನಟ್ಟನಡುವೆ. ತನಗೆ ಕೇಳಿಸಲಿಲ್ಲವೆಂದು ಅವನು ಕಿಕ್ಕನ್ನು ಏರಿಸಿದನು, ಏರಿಸುತ್ತಲೇ ಹೋದನು. ಕಾರಿನೊಳಗೆ ಅದು ಮಾವನ ಎದೆಯನ್ನು ಗುದ್ದಿತು. ಕುರ್ಚಿಯನ್ನು ಎರಡಡಿ ಹಿಂದಕ್ಕೆಳೆದಿದ್ದರೂ ಸಾಕಿತ್ತು, ಅರ್ಧ ಸಮಸ್ಯೆ ಬಯಲಾಗುತ್ತಿತ್ತು. ಪೇಟೆಯಲ್ಲಿ ಸಿಕ್ಕುವ ಕೈತೋಟದ ಹೂಕುಂಡದಷ್ಟು ದಪ್ಪದ ಸ್ಪಂಜುಗಳನ್ನು ಗೋಡೆಗೆ ಮೆತ್ತಿದರೆ ಮೇಲಿನ ಸ್ಥಾಯಿಯ ಪ್ರತಿಧ್ವನಿ ಅಡಗುವುದೇ ಹೊರತು ಇಷ್ಟು ಉದ್ದದ ಅಲೆಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಪುಸ್ತಕ ತುಂಬಿದ ಬೀರು, ದಪ್ಪ ಹಾಸಿಗೆ, ಇವೇ ಮೇಲು.

ಮನೆಯ ಕೋಣೆಯಲ್ಲಿ ಇಷ್ಟೊಂದು ತೊಡಕುಗಳಿದ್ದರೆ ತಿಳಿಯಾದ ಬೀಟು ಮನೆಯಲ್ಲಿ ಹುಟ್ಟುವುದಾದರೂ ಹೇಗೆ ಎಂಬ ಸಂಶಯ ಬರುವುದು ಸಹಜ. ಆದರೆ ಈ ವಿದ್ಯೆಯ ಅತ್ಯಂತ ದೊಡ್ಡ ಗುರುಗಳಲ್ಲಿ ಒಬ್ಬನು ಕೆಲಸಮಾಡಿದ್ದು ಒಂದು ಸಾಧಾರಣ ಮನೆಯ ಸಣ್ಣ ಕೋಣೆಯಲ್ಲಿಯೇ. ಆತನ ಚರಿತ್ರೆ ಕೇಳತಕ್ಕದ್ದಾಗಿದೆ.

ಜಮೈಕಾ ದ್ವೀಪದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ವಾಟರ್‌ಹೌಸ್ ಎಂಬ ಬಡವರ ಕೇರಿ. ಅಲ್ಲಿನ ಡ್ರೊಮಿಲಿ ಬೀದಿಯ 18ನೆಯ ಸಂಖ್ಯೆಯ ಮನೆಯಲ್ಲಿ ಆಸ್ಬರ್ನ್ ರಡಕ್ ಎಂಬವನಿದ್ದನು. 1941ರ ಜನವರಿಯಲ್ಲಿ ಹುಟ್ಟಿದ ಈತನನ್ನು ಲೋಕವು ಬಲ್ಲುದು ಕಿಂಗ್ ಟಬ್ಬಿ ಎಂಬ ಹೆಸರಿನಿಂದ. ಕಸುಬು ರೇಡಿಯೋ ರಿಪೇರಿ. ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತ, ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತುತ್ತ, ಬೀದಿಯ ಕುಣಿತಗಳಿಗೆ ಸಂಗೀತ ಕೇಳಿಸುವವರಿಗೆ ಆಂಪ್ಲಿಫೈಯರುಗಳನ್ನು ಕಟ್ಟಿಕೊಡುತ್ತ ಬೆಳೆದವನು. 1960ರ ದಶಕದ ಕೊನೆಯ ಹೊತ್ತಿಗೆ ಅವನದೇ ಒಂದು ಧ್ವನಿವರ್ಧಕ ಮೇಳವೂ ಇದ್ದಿತು. ಅದರ ಮಂದ್ರದ ನಾದ ಎಷ್ಟು ಗಂಭೀರವೋ ಅಷ್ಟೇ ನಿಚ್ಚಳವೆಂದು ಹೆಸರಾಗಿತ್ತು. ಡ್ಯೂಕ್ ರೀಡ್ ಎಂಬ ನಿರ್ಮಾಪಕನ ಬಳಿ ಗ್ರಾಮಫೋನ್ ತಟ್ಟೆಗಳಿಗೆ ಗೆರೆ ಕೊರೆಯುವ ಕೆಲಸವನ್ನೂ ಟಬ್ಬಿ ಮಾಡುತ್ತಿದ್ದನು.

1970ರ ದಶಕದ ಆರಂಭದಲ್ಲಿ ಊರಿನ ದೊಡ್ಡ ಧ್ವನಿಮುದ್ರಣ ಶಾಲೆಯೊಂದು ತನ್ನ ಹಳೆಯ ಮಿಶ್ರಣ ಯಂತ್ರವನ್ನು ಮಾರಿದಾಗ ಟಬ್ಬಿ ಅದನ್ನು ಕೊಂಡು ಮನೆಗೆ ತಂದನು. ನಾಲ್ಕೇ ಸಾಲುಗಳ ಯಂತ್ರ! ಸಾಮಾನ್ಯವಾಗಿ ಒಂದರಲ್ಲಿ ಡ್ರಮ್ಮು, ಒಂದರಲ್ಲಿ ಬೇಸ್, ಗಿಟಾರು ಕೀಲಿಮಣೆಗಳಿಗೆಲ್ಲ ಸೇರಿ ಒಂದು, ಹಾಡುವವನಿಗೆ ಒಂದು. ಮೇಳವನ್ನು ಕೂರಿಸಿ ಮುದ್ರಿಸುವಷ್ಟು ಸ್ಥಳ ಆ ಮನೆಯಲ್ಲಿರಲಿಲ್ಲ. ವಾದ್ಯಗಳನ್ನು ಬೇರೆ ಕಡೆ ಮುದ್ರಿಸಿದ ನಾಡಾಗಳು ಇಲ್ಲಿಗೆ ಬರುತ್ತಿದ್ದುವು. ಹಾಡುಗಾರನ ಕಂಠವನ್ನು ಹಿಡಿಯಬೇಕಾದಾಗ ಬಚ್ಚಲುಮನೆಯೇ ಮುದ್ರಣ ಮಂದಿರ.

ಆ ನಾಲ್ಕು ಸಾಲುಗಳಿಂದ ಟಬ್ಬಿಯು ಮಾಡಿದ್ದೇನೆಂದರೆ, ಕಳೆದದ್ದು. ಹಾಡು ಓಡುತ್ತಿರುವಾಗಲೇ ಕಂಠವನ್ನು ತೆಗೆದುಬಿಡುವನು. ಗಿಟಾರು ಒಂದು ತುಣುಕು ಕೇಳಿಸಿ ಮಾಯವಾಗುವುದು. ಉಳಿಯುವುದು ಡ್ರಮ್ಮು, ಬೇಸ್, ಮತ್ತು ಅವುಗಳ ನಡುವೆ ಬೇಕಾದಷ್ಟು ಬಯಲು. ತೆಗೆದ ಕಂಠದ ಕೊನೆಯ ಪದವೊಂದು ಪ್ರತಿಧ್ವನಿಯಾಗಿ ಆ ಬಯಲಿನಲ್ಲಿ ತೇಲಿ ದೂರವಾಗುವುದು. ಅವನ ಯಂತ್ರದಲ್ಲಿ ಒಂದು ದೊಡ್ಡ ತಿರುಗುಣಿಯಿದ್ದಿತು. ಅದನ್ನು ತಿರುಗಿಸಿದರೆ ಶಬ್ದದ ಮಂದ್ರಭಾಗವು ಮೆಟ್ಟಿಲು ಮೆಟ್ಟಿಲಾಗಿ ಕಡಿದುಹೋಗಿ ಕೊನೆಗೆ ಹೈಹ್ಯಾಟಿನ 'ಚಿಸ್ ಚಿಸ್' ಮಾತ್ರ ಉಳಿಯುವುದು. ಇಂದು ಪ್ರತಿಯೊಬ್ಬ ಹುಡುಗನ ಕಂಪ್ಯೂಟರಿನಲ್ಲಿಯೂ ಹೈಪಾಸ್ ಫಿಲ್ಟರ್ ಎಂಬ ಹೆಸರಿನಿಂದ ಪುಕ್ಕಟೆಯಾಗಿ ದೊರೆಯುವ ಉಪಕರಣವಿದು. ಟಬ್ಬಿ ಅದನ್ನು ವೀಣೆಯ ಗಮಕದಂತೆ ನುಡಿಸಿದನು. ಸ್ಪ್ರಿಂಗುಗಳಿದ್ದ ಪ್ರತಿಧ್ವನಿಯ ಪೆಟ್ಟಿಗೆಯನ್ನು ಗುದ್ದಿ ಸಿಡಿಲಿನ ಸದ್ದನ್ನು ಹೊರಡಿಸಿದ್ದೂ ಉಂಟು. ರಿಪೇರಿ ಕಸುಬಿನವನಿಗೆ ಮಾತ್ರ ಬರಬಹುದಾದ ಧೈರ್ಯ ಅದು.

ಹೀಗೆ ಹುಟ್ಟಿದ ಡಬ್ ಎಂಬ ಪ್ರಕಾರದಲ್ಲಿ ಮಿಶ್ರಣಕಾರನೇ ವಾದಕನಾದನು. ಕಲಿಯಲು ಬಂದ ಹುಡುಗರೂ ಅದೇ ಬಗೆಯವರು. ಹೋಪ್‌ಟನ್ ಬ್ರೌನ್ ಎಂಬ ಹುಡುಗನು ಮೊದಲು ಬಂದದ್ದು ಆಂಪ್ಲಿಫೈಯರಿಗೆ ಬೇಕಾದ ಟ್ರಾನ್ಸ್‌ಫಾರ್ಮರಿಗಾಗಿ. ಕ್ರಮೇಣ ಮಿಶ್ರಣ ಯಂತ್ರದ ಮುಂದೆ ಕುಳಿತು ಸೈಂಟಿಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧನಾದನು. ಲಾಯ್ಡ್ ಜೇಮ್ಸ್ ಎಂಬ ಇನ್ನೊಬ್ಬ ಶಿಷ್ಯನು ಅದೇ ಕೇರಿಯ ತನ್ನ ಮನೆಯಲ್ಲಿಯೇ ಮುದ್ರಣಶಾಲೆ ನಡೆಸಿ, 1985ರಲ್ಲಿ ಕ್ಯಾಸಿಯೋ ಕಂಪನಿಯು ಮನೆಬಳಕೆಗೆಂದು ಮಾರುತ್ತಿದ್ದ ಎಂಟಿ-40 ಎಂಬ ಸಣ್ಣ ಕೀಲಿಮಣೆಯೊಳಗಿನ ಸಿದ್ಧತಾಳವೊಂದರ ಮೇಲೆ ಹಾಡು ಕಟ್ಟಿ ಜಮೈಕಾದ ಸಂಗೀತದ ದಿಕ್ಕನ್ನೇ ಬದಲಿಸಿದನು. ಆ ತಾಳವನ್ನು ಕೀಲಿಮಣೆಗೆ ಅಳವಡಿಸಿದ್ದವಳು ಹಿರೋಕೊ ಒಕುಡಾ ಎಂಬ ಜಪಾನಿ ಯುವತಿ. ಕ್ಯಾಸಿಯೋ ಸೇರುವ ಮೊದಲು ಆಕೆ ಸಂಗೀತಶಾಸ್ತ್ರದ ವಿದ್ಯಾರ್ಥಿನಿಯಾಗಿ ಪ್ರಬಂಧ ಬರೆದದ್ದು ಜಮೈಕಾದ ರೆಗೆ ಸಂಗೀತವನ್ನು ಕುರಿತೇ ಎಂಬುದು ಕಾಕತಾಳೀಯವೆನ್ನಿಸಬಹುದು.

ಟಬ್ಬಿಯ ಅಂತ್ಯ ದಾರುಣವಾದದ್ದು. 1989ರ ಫೆಬ್ರವರಿ 6ರಂದು ಕೆಲಸ ಮುಗಿಸಿ ಮನೆಗೆ ಮರಳಿದವನನ್ನು ಮನೆಯ ಹೊರಗೇ ಯಾರೋ ಗುಂಡಿಟ್ಟು ಕೊಂದರು. ಕೊಂದವರು ಯಾರೆಂಬುದು ತಿಳಿಯಲೇ ಇಲ್ಲ.

ಬಸವನಗುಡಿಯ ಹುಡುಗನು ಈ ಕಥೆಯನ್ನು ಓದಿ, ಟಬ್ಬಿಯ ಮಿಶ್ರಣಗಳನ್ನು ಕೇಳಿ, ಇಪ್ಪತ್ತಾರು ಸಾಲುಗಳ ತನ್ನ ಹಾಡನ್ನು ನೋಡಿಕೊಂಡು ಸ್ವಲ್ಪ ನಾಚಿದನೆನ್ನಬೇಕು. ಆದರೂ ಕಳೆಯಬೇಕಾದದ್ದು ಯಾವುದು, ಎಷ್ಟು ಎಂಬುದು ಅವನಿಗೆ ತಿಳಿದದ್ದು ಮಾವನ ಮನೆಯಲ್ಲಿ. ಭಾನುವಾರ ಮಾವನು ಕಛೇರಿಗೆ ಹೊರಡುವ ಮುನ್ನ ಮೃದಂಗವನ್ನು ಅಣಿಮಾಡುತ್ತಿದ್ದರು. ಬಲಭಾಗದ ಅಂಚನ್ನು ಕಲ್ಲಿನಿಂದ ಸುತ್ತಲೂ ತಟ್ಟಿ ಗಾಯಕರ ಷಡ್ಜಕ್ಕೆ ಕೂಡಿಸಿದರು. ಎಡಭಾಗಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತಿ, ಬಾರಿಸಿ ನೋಡಿ, ಚಿಟಿಕೆಯಷ್ಟನ್ನು ಕಿತ್ತು, ಮತ್ತೆ ಬಾರಿಸಿ ನೋಡಿದರು.

"ಅಷ್ಟು ರವೆ ತೆಗೆದದ್ದು ಕೇಳೋರಿಗೆ ಗೊತ್ತಾಗುತ್ತಾ, ಮಾವ?"

"ತೆಗೆದದ್ದು ಗೊತ್ತಾಗೋದಿಲ್ಲ. ತೆಗೆಯದೆ ಇದ್ದರೆ ಗೊತ್ತಾಗುತ್ತೆ."

ಸಾಮಾನ್ಯ ಡೋಲಿನ ಉಪಸ್ವರಗಳು ಮೂಲಸ್ವರಕ್ಕೆ ಹೊಂದದೆ ಚೆದರುತ್ತವೆ; ಮೃದಂಗ ತಬಲಗಳಲ್ಲಿ ಚರ್ಮದ ನಡುವಣ ಕರಣೆಯ ಭಾರವು ಅವನ್ನು ಶ್ರುತಿಬದ್ಧವಾಗಿ ನಿಲ್ಲಿಸುತ್ತದೆ. ಇದನ್ನು ಕುರಿತು ರಾಮನ್ ಅವರು ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಇಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನೇ ವಿಸ್ತರಿಸಿ ಪ್ರಕಟಿಸಿದರು. ಡೋಲಿಗೂ ಶ್ರುತಿಯುಂಟೆಂಬುದು ನಮ್ಮ ನಾಡಿನ ಮಕ್ಕಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆದರೂ ಕಂಪ್ಯೂಟರಿನ ಭಂಡಾರದಿಂದ ಕಿಕ್ಕನ್ನು ಆರಿಸುವಾಗ ಅದರ ಶ್ರುತಿಯನ್ನು ನೋಡುವವರು ಕಡಮೆ. ಹುಡುಗನ ಕಿಕ್ಕು ತಂಬೂರಿಯ ಷಡ್ಜಕ್ಕೆ ಅರ್ಧ ಸ್ವರದಷ್ಟು ದೂರದಲ್ಲಿ ಅಪಸ್ವರವಾಗಿ ಹೊಡೆದುಕೊಳ್ಳುತ್ತಿದ್ದಿತು.

ಆ ರಾತ್ರಿ ಅವನು ಎಲ್ಲ ಸಾಲುಗಳನ್ನೂ ಮೌನವಾಗಿಸಿ ಹೊಸದಾಗಿ ಆರಂಭಿಸಿದನು. ಎರಡನೆಯ ಕಿಕ್ಕನ್ನು ತೆಗೆದುಹಾಕಿದನು. ಮೊದಲನೆಯದನ್ನು ಷಡ್ಜಕ್ಕೆ ಕೂಡಿಸಿ, ಬೇಸನ್ನು ಅದರ ಪಕ್ಕದಲ್ಲಿ ತಂದನು. ಒಂದೇ ಓಣಿಯ ಈ ಇಬ್ಬರನ್ನು ಸಂಭಾಳಿಸಲು ಒಂದು ಉಪಾಯವಿದೆ. ಶಬ್ದವು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅದನ್ನು ತಗ್ಗಿಸುವ ಉಪಕರಣಕ್ಕೆ ಕಂಪ್ರೆಸರ್ ಎನ್ನುತ್ತಾರೆ. ಬೇಸಿನ ಮೇಲೆ ಕಂಪ್ರೆಸರನ್ನು ಕೂರಿಸಿ, ಅದಕ್ಕೆ ಕಿಕ್ಕಿನ ಸದ್ದನ್ನು ಕೇಳಿಸಿದರೆ, ಕಿಕ್ಕು ಬಿದ್ದಾಗಲೆಲ್ಲ ಬೇಸ್ ಒಂದು ಕ್ಷಣ ತಲೆತಗ್ಗಿಸಿ ಮತ್ತೆ ಏಳುತ್ತದೆ. ಸೈಡ್‌ಚೈನ್ ಎಂದು ಇದಕ್ಕೆ ಹೆಸರು. ಗಾಯಕರು ಮೆಲುದನಿಯ ಸಂಚಾರವನ್ನು ಹಿಡಿದಾಗ ಒಳ್ಳೆಯ ಮೃದಂಗದವರು ಕೈ ತಗ್ಗಿಸಿ, ಅದು ಮುಗಿದಾಗ ಏರಿಸುವುದಿಲ್ಲವೇ? ಅಲ್ಲಿ ಬುದ್ಧಿ ಮಾಡುವುದನ್ನು ಇಲ್ಲಿ ಯಂತ್ರ ಮಾಡುತ್ತದೆ. ಬೇಸ್ ಮತ್ತೆ ಏಳುವ ಕಾಲವನ್ನು ಹಾಡಿನ ನಡೆಗೆ ತಕ್ಕಂತೆ ಇಡದಿದ್ದರೆ ಮಾತ್ರ ಹಾಡು ಉಬ್ಬಸದ ರೋಗಿಯಂತೆ ಏದುಸಿರು ಬಿಡತೊಡಗುತ್ತದೆ. ಅಂಥ ಹಾಡುಗಳನ್ನು ಬೇಕೆಂದೇ ಮಾಡುವವರೂ ಇದ್ದಾರೆ. ರುಚಿಯ ಮಾತು ಬೇರೆ.

ಉಳಿದವುಗಳಲ್ಲಿ ಮಂದ್ರದ ಹಂಗು ಬೇಡದ ಪ್ರತಿಯೊಂದರ ಬುಡವನ್ನೂ ಹೈಪಾಸ್ ಫಿಲ್ಟರಿನಿಂದ ಕತ್ತರಿಸಿದನು. ಚಪ್ಪಾಳೆಗೆ ಸೆಕೆಂಡಿಗೆ 100 ಕಂಪನದ ಕೆಳಗೆ ಏನು ಕೆಲಸ? ಮೂರು ಪಿಟೀಲು ಸಮೂಹಗಳಲ್ಲಿ ಎರಡು ಹೋದುವು. ಉಳಿದ ಒಂದರಲ್ಲಿಯೂ 300 ಕಂಪನದ ಸುಮಾರಿನಲ್ಲಿ ಸ್ವಲ್ಪ ಕೆತ್ತಿದನು. ಈ ಕತ್ತರಿಸುವಿಕೆಗೂ ಮಿತಿ ಬೇಕು. ಎಲ್ಲವನ್ನೂ ಕೊರೆದುಬಿಟ್ಟರೆ ಹಾಡು ತಗಡಿನ ಡಬ್ಬಿಯಾಗುತ್ತದೆ. ಒಂದೊಂದು ಸಾಲನ್ನೂ ಒಂಟಿಯಾಗಿ ಕೇಳುತ್ತ ಕೆತ್ತುವುದು ಕಲಿಯುವವರೆಲ್ಲರ ಮೊದಲ ತಪ್ಪು. ಒಂಟಿಯಾಗಿ ಕೇಳಿದಾಗ ಬಡಕಲೆನ್ನಿಸುವ ಪಿಟೀಲು ಎಲ್ಲರೊಡನೆ ಕೂಡಿದಾಗ ಸರಿಯಾಗಿರುತ್ತದೆ. ಒಂಟಿಯಾಗಿ ಭವ್ಯವಾದದ್ದು ಕೂಟದಲ್ಲಿ ಹಿಂಸೆಯಾಗುತ್ತದೆ.

ಮೊಬೈಲಿನಲ್ಲಿ ಬೇಸ್ ಕೇಳಿಸದಿದ್ದುದಕ್ಕೂ ಮದ್ದುಂಟು. ಅಷ್ಟು ಸಣ್ಣ ಸ್ಪೀಕರು 50 ಕಂಪನದ ನಾದವನ್ನು ಹೊರಡಿಸಲಾರದು. ಆದರೆ ಆ ನಾದದ ಉಪಸ್ವರಗಳಾದ 100, 150, 200, 250 ಮುಂತಾದ ಕಂಪನಗಳಲ್ಲಿ ಮೇಲಿನ ಕೆಲವು ಕಿವಿಗೆ ಬಿದ್ದರೂ ಸಾಕು, ಇಲ್ಲದ ಮೂಲಸ್ವರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಬೇಸಿಗೆ ಕೊಂಚ ಒರಟುತನವನ್ನು ಬೆರಸಿದರೆ ಆ ಉಪಸ್ವರಗಳು ಹುಟ್ಟುತ್ತವೆ. ಮೊಬೈಲಿನ ಒಂದೇ ಸ್ಪೀಕರಿನಿಂದ ಎಡಬಲಗಳೆರಡೂ ಕೂಡಿ ಬರುವ ಸಂದರ್ಭವನ್ನು ನೆನೆದು ಹಾಡನ್ನು ಎಡಬಲಗಳ ಭೇದವಿಲ್ಲದೆ ಕೂಡಿಸಿಯೂ ಕೇಳಿ ನೋಡಬೇಕು; ಅಗಲವಾಗಿ ಹರಡಿದ ನಾದಗಳು ಆಗ ಒಂದನ್ನೊಂದು ತಿಂದು ಕಾಣೆಯಾಗುವುದುಂಟು.

ಇಷ್ಟೆಲ್ಲ ಕೆಲಸದ ನಡುವೆ ಒಂದು ರಾತ್ರಿ, ನಾಲ್ಕು ಗಂಟೆಗಳ ಕಾಲ ದೊಡ್ಡ ಸದ್ದಿನಲ್ಲಿ ಕೇಳಿ ಹೆಡ್‌ಫೋನನ್ನು ಕೆಳಗಿಟ್ಟಾಗ, ಹುಡುಗನ ಕಿವಿಯಲ್ಲಿ ಜೀರುಂಡೆಯ ದನಿ ಉಳಿದಿತ್ತು. ದೀಪವಾರಿಸಿ ಮಲಗಿದ ಮೇಲೂ ಅದು ನಿಲ್ಲಲಿಲ್ಲ. ಬೆಳಗಿನ ಹೊತ್ತಿಗೆ ಹೋಯಿತೆನ್ನಿ. ಅವನು ಮಾತ್ರ ಹೆದರಿದನು, ಹೆದರಿದ್ದು ಒಳ್ಳೆಯದೇ ಆಯಿತು. ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಸತ್ತುಹೋದವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ಲಿನ ಸದ್ದು ವಾರಕ್ಕೆ 40 ಗಂಟೆ ಸಲ್ಲುತ್ತದೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತ ಬರುತ್ತದೆ. 92 ಡೆಸಿಬೆಲ್ಲಿಗೆ ಬಂದರೆ ವಾರಕ್ಕೆ ಎರಡೂವರೆ ಗಂಟೆ ಮಾತ್ರ. ನಮ್ಮ ಹುಡುಗರು ಅದನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತಾರೆ. ಮಿಶ್ರಣ ಕಲಿಯುವವನ ಬಂಡವಾಳವೆಲ್ಲ ಕಿವಿಯೇ. ಕಂಪ್ಯೂಟರು ಕೆಟ್ಟರೆ ಕಂತಿನ ಮೇಲೆ ಇನ್ನೊಂದು ಬರುತ್ತದೆ.

ಮೆಲ್ಲನೆ ಕೇಳುವುದರಲ್ಲಿ ಕಲೆಯ ಲಾಭವೂ ಉಂಟು. ಸದ್ದು ಕಡಮೆಯಾದಂತೆ ಮಂದ್ರದ ನಾದಗಳು ಕಿವಿಗೆ ಉಳಿದವುಗಳಿಗಿಂತ ಬೇಗ ಸೊರಗುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಜೋರಾಗಿ ಹಾಕಿದರೆ ಎಂಥ ಬೀಟೂ ತುಂಬಿಕೊಂಡಂತೆ ಕೇಳಿ ಮರುಳುಗೊಳಿಸುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಷ್ಟು ಮೆಲ್ಲನೆಯ ಸದ್ದಿನಲ್ಲಿಯೂ ಕಿಕ್ಕು ಎದ್ದು ಕೇಳಿದರೆ, ಕಂಠವು ತೇಲಿದರೆ, ಮಿಶ್ರಣ ಸರಿಯಿದೆಯೆಂದು ನಂಬಬಹುದು. ತನ್ನ ಹಾಡನ್ನು ಯಾವುದಾದರೂ ಒಳ್ಳೆಯ ಹಾಡಿನೊಡನೆ ಹೋಲಿಸುವಾಗಲೂ ಎರಡರ ಸದ್ದನ್ನು ಸಮಮಾಡಿಕೊಳ್ಳಬೇಕು. ಇಲ್ಲವಾದರೆ ಜೋರಾದದ್ದೇ ಮೇಲೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹಾಡನ್ನು ಹಿಂಡಿ ಹಿಂಡಿ ಜೋರುಮಾಡುವ ಹಠದಿಂದ ಈಗ ಹೆಚ್ಚಿನ ಪ್ರಯೋಜನವೂ ಇಲ್ಲ. ಅಂತರಜಾಲದಲ್ಲಿ ಹಾಡು ಕೇಳಿಸುವ ಸಂಸ್ಥೆಗಳು, ಸ್ಪಾಟಿಫೈ ಮೊದಲಾದವು, ಮಿತಿಮೀರಿ ಜೋರಾದ ಹಾಡುಗಳನ್ನು ತಾವೇ ತಗ್ಗಿಸಿ ಉಳಿದವುಗಳ ಸಾಲಿಗೆ ತರುತ್ತವೆ. ಹಿಂಡಿದ ಕಬ್ಬಿನ ರುಚಿ ಮಾತ್ರ ಉಳಿಯುತ್ತದೆ.

ಇಪ್ಪತ್ತಾರು ಸಾಲುಗಳ ಹಾಡು ಹನ್ನೊಂದಕ್ಕೆ ಇಳಿಯಲು ಮೂರು ವಾರ ಹಿಡಿಯಿತು. ಕಡೆಯ ಪರೀಕ್ಷೆಗೆ ಹುಡುಗನು ಅನುಭವಸ್ಥರು ಹೇಳುವ ಒಂದು ಹಳೆಯ ಉಪಾಯವನ್ನು ಹಿಡಿದನು. ಸ್ಪೀಕರಿನಲ್ಲಿ ಹಾಡನ್ನು ಮೆಲ್ಲನೆ ಹಾಕಿ, ಕೋಣೆಯ ಬಾಗಿಲನ್ನು ತೆರೆದಿಟ್ಟು, ಹೊರಗೆ ಬಂದು ಮಹಡಿಯ ಮೆಟ್ಟಿಲ ಮೇಲೆ ಕುಳಿತನು. ಪಕ್ಕದ ಕೋಣೆಯಿಂದ ಕೇಳಿದಾಗ ಶಬ್ದದ ಬೆಡಗೆಲ್ಲ ಗೋಡೆಗೆ ತಾಗಿ ಉದುರಿಹೋಗಿ, ಯಾವುದು ಹೆಚ್ಚು ಯಾವುದು ಕಡಮೆ ಎಂಬುದಷ್ಟೇ ಉಳಿಯುತ್ತದೆ. ಕಿಕ್ಕು ಒಂದೊಂದಾಗಿ ಬಿಡಿಸಿದಂತೆ ಬೀಳುತ್ತಿದ್ದಿತು. ಬೇಸ್ ಅದರ ಕೈಹಿಡಿದು ನಡೆಯುತ್ತಿದ್ದಿತು. ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿದು ಅಡಗಿತು.

ಸ್ವಲ್ಪ ಹೊತ್ತಿಗೆ ತಾಯಿಯು ಸೌಟು ಹಿಡಿದುಕೊಂಡೇ ಮೆಟ್ಟಿಲ ಕೆಳಗೆ ಬಂದು ನಿಂತರು. ತಲೆಯನ್ನು ಓರೆಮಾಡಿ ಕೇಳಿದರು. ಅಲ್ಲಿಂದ ನಡುಮನೆಯ ಮೂಲೆಯ ಕಡೆಗೆ, ಗವಸಿನ ದಾರ ಬೇರೆ ರೀತಿ ಕಟ್ಟಿದ್ದುದರ ಕಡೆಗೆ, ಒಮ್ಮೆ ನೋಡಿದರು.

"ಏನೋ, ಈ ಹಾಡಿನಲ್ಲಿ ತಂಬೂರಿ ಬೇರೆ ಇತ್ತೇನೋ?"

"ಮೊದಲಿನಿಂದಲೂ ಇತ್ತಮ್ಮ."

"ಪಂಚಮ ಒಂದು ಚೂರು ಇಳಿದಿದೆ" ಎಂದು ಅವರು ಮೆಟ್ಟಿಲು ಹತ್ತತೊಡಗಿದರು. "ಕೆಳಗಿಂದ ಅದನ್ನು ತೊಗೊಂಡು ಬಾ, ನಾನು ಮಾಡಿಕೊಡ್ತೀನಿ."